ಚೂರು ಮೂಳೆಯಿಂದ ನೀಳಗಾಲಿನ ಹಕ್ಕಿಯ ಕುಲ ಹಿಡಿಯುವುದು ಹೇಗೆ

ಪ್ರಾಚೀನ ಕೊಕ್ಕರೆ (ಸ್ಟಾರ್ಕ್), ಬಕ (ಹೆರಾನ್), ಕೆಂಬರಲು (ಐಬಿಸ್), ಕ್ರೌಂಚ (ಕ್ರೇನ್), ರಾಜಹಂಸ (ಫ್ಲೆಮಿಂಗೊ) ಇವುಗಳ ಇಡೀ ಅಸ್ಥಿಪಂಜರ ಸಿಗುವುದು ತೀರಾ ಅಪರೂಪ. ಜರ್ಮನಿಯ ಮೆಸ್ಸೆಲ್‌ನಂಥ ಕೆಲವೇ ಜಾಗಗಳನ್ನು ಬಿಟ್ಟರೆ ಕೈಗೆ ಬರುವುದು ಮುರಿದ ತುದಿಗಳು: ಕಾಲಿನ ಮೂಳೆಯ ಎರಡು ಮೂರು ಸೆಂಟಿಮೀಟರ್ ಚೂರು, ರೆಕ್ಕೆ ಮೂಳೆಯ ಒಂದು ಕೀಲು, ಅದೃಷ್ಟವಿದ್ದರೆ ಕೊಕ್ಕಿನ ತುಂಡು. ಹಾಗೆಂದು ಕೈಚೆಲ್ಲಬೇಕಿಲ್ಲ. ಈಜಿಪ್ಟಿನ ಫಯೂಮ್‌ನಲ್ಲಿ ಆಲಿಗೊಸೀನ್ ಕಾಲದ (ಸುಮಾರು 3.4ರಿಂದ 2.3 ಕೋಟಿ ವರ್ಷ ಹಿಂದಿನ) ಮೂರು ಜಕಾನ, ಅಂದರೆ ತೇಲುವ ಎಲೆಗಳ ಮೇಲೆ ನಡೆಯುವ ಹಕ್ಕಿಯ, ಪ್ರಭೇದಗಳನ್ನು 1987ರಲ್ಲಿ ಹೆಸರಿಸಿದ್ದು ಕಾಲಿನ ಮೂಳೆಯ ಕೆಳತುದಿಗಳನ್ನು ನೋಡಿಯೇ. ಚೂರು ಎಷ್ಟು ದೊಡ್ಡದು ಎನ್ನುವುದಕ್ಕಿಂತ ಯಾವ ಜಾಗದ್ದು ಎನ್ನುವುದು ಮುಖ್ಯ. ಹತ್ತು ಸೆಂಟಿಮೀಟರ್ ಉದ್ದದ ನಡುಕಾಂಡ ಹೇಳದ ವಿಷಯವನ್ನು ಎರಡು ಸೆಂಟಿಮೀಟರಿನ ಕೀಲು ಹೇಳುತ್ತದೆ.

ಕಾಲಿನ ಉದ್ದ ನೋಡಿ ಮೋಸ ಹೋಗಬೇಡಿ

ನೀಳ ಕಾಲು ನೀರಲ್ಲಿ ನಿಂತು ಮೇಯುವ ಬದುಕಿನ ಗುರುತು, ವಂಶದ ಗುರುತಲ್ಲ. ಬೇರೆ ಬೇರೆ ವಂಶಗಳಲ್ಲಿ ಅದು ಮತ್ತೆ ಮತ್ತೆ ಹುಟ್ಟಿದೆ. ಅಮೆರಿಕದ ಗ್ರೀನ್ ರಿವರ್ ಶಿಲಾಸ್ತರಗಳ ಪ್ರೆಸ್ಬಿಯಾರ್ನಿಸ್ ಹಕ್ಕಿಯನ್ನು ಪಕ್ಷಿವಿಜ್ಞಾನಿ ಅಲೆಕ್ಸಾಂಡರ್ ವೆಟ್ಮೋರ್ 1926ರಲ್ಲಿ ವರ್ಣಿಸಿದಾಗ ನೀಳಗಾಲಿನ ಅವೋಸೆಟ್ ಹಕ್ಕಿಗಳ ಮಗ್ಗುಲಲ್ಲಿ ಇಟ್ಟರು. ಮುಂದೆ ಅದಕ್ಕೆ ರಾಜಹಂಸದ ನಂಟನ್ನೂ ಕಟ್ಟಲಾಯಿತು. ತಲೆಬುರುಡೆ ಸಿಕ್ಕ ಮೇಲೆ ನೋಡಿದರೆ ಕೊಕ್ಕು ಬಾತಿನದು. ಈಗ ಅದರ ಜಾಗ ಬಾತುಗಳ ಗಣದಲ್ಲಿ. ಇತ್ತ ರಾಜಹಂಸದ ಅತಿ ಹತ್ತಿರದ ಬಂಧು ಗುಳುಮುಳುಕಗಳ ಗುಂಪು ಎಂದು ಡಿಎನ್‌ಎ ಅಧ್ಯಯನಗಳು ತೋರಿಸಿವೆ. ಗಿಡ್ಡ ಕಾಲಿನ ಮುಳುಗುಹಕ್ಕಿಗೂ ಅಷ್ಟುದ್ದ ಕಾಲಿನ ಹಕ್ಕಿಗೂ ಹೊರನೋಟದಲ್ಲಿ ಯಾವ ಹೋಲಿಕೆಯೂ ಇಲ್ಲ.

ಆದ್ದರಿಂದ ಮೂಳೆಯನ್ನು ಕೈಗೆತ್ತಿಕೊಂಡ ತಕ್ಷಣ "ಕೊಕ್ಕರೆ ಜಾತಿ ಇರಬೇಕು" ಎಂದು ಬರೆದಿಡಬೇಡಿ. ಮೊದಲು ಮೂಡಿದ ಹೆಸರು ತಲೆಯಲ್ಲಿ ಕೂತರೆ, ಆಮೇಲೆ ಕಾಣುವ ಪ್ರತಿ ಗುರುತೂ ಅದಕ್ಕೇ ಹೊಂದುತ್ತಾ ಹೋಗುತ್ತದೆ.

ನೆಲದಲ್ಲಿ ಮಾಡಬೇಕಾದ್ದು

ಮೂಳೆ ಕಂಡ ಜಾಗದಲ್ಲಿ ಮೊದಲು ಫೋಟೊ, ಆಮೇಲೆ ಪದರದ ವಿವರ, ಕೊನೆಗೆ ಎತ್ತುವುದು. ಜಿಪಿಎಸ್ ಅಂಕಿ ಒಂದೇ ಸಾಲದು. ಯಾವ ಪದರ, ಮೇಲ್ಮೈಯಿಂದ ಎಷ್ಟು ಆಳ, ಪಕ್ಕದಲ್ಲಿ ಮತ್ತೇನಿತ್ತು, ಮಣ್ಣಿನ ಬಣ್ಣ ಮತ್ತು ಕಣ ಹೇಗಿತ್ತು, ಇಷ್ಟೂ ಬೇಕು. ಇಂಡೊನೇಷ್ಯಾದ ಫ್ಲೋರೆಸ್ ದ್ವೀಪದ ಲಿಯಾಂಗ್ ಬುವಾ ಗುಹೆಯನ್ನು ನೋಡಿ. ಅಲ್ಲಿ ಕುಳ್ಳ ಮಾನವರ ಜೊತೆ ದೈತ್ಯ ಮರಬೌ ಕೊಕ್ಕರೆಯ ಮೂಳೆಗಳೂ ಸಿಕ್ಕವು. ಹಳೆಯ ಮಣ್ಣು ಕೊರೆದುಹೋದ ಮೈಗೆ ಒತ್ತಿಕೊಂಡು ಹೊಸ ಮಣ್ಣು ಕೂತಿದ್ದರಿಂದ ಆ ಪದರಗಳ ಕಾಲ ಮೊದಲ ಲೆಕ್ಕದಲ್ಲಿ ತೀರಾ ಈಚಿನದಾಗಿ ಬಂದಿತ್ತು. 2016ರ ಮರು ಅಧ್ಯಯನದಲ್ಲಿ ಆ ಮಾನವರ ಮೂಳೆಗಳ ಕಾಲ ಸುಮಾರು 1,00,000ದಿಂದ 60,000 ವರ್ಷಗಳ ಹಿಂದಕ್ಕೆ ಸರಿಯಿತು. ಪದರದ ನಕ್ಷೆ ಚೆನ್ನಾಗಿ ಉಳಿದಿದ್ದರೆ ಮಾತ್ರ ಇಂಥ ತಿದ್ದುಪಡಿ ಸಾಧ್ಯ.

ಅಗೆದ ಮಣ್ಣನ್ನು ಜರಡಿ ಹಿಡಿಯದೆ ಚೆಲ್ಲಬೇಡಿ. 5 ಮಿ.ಮೀ. ಕಣ್ಣಿನ ಜರಡಿಯಲ್ಲಿ ದೊಡ್ಡ ಕೊಕ್ಕರೆಯ ಚೂರು ನಿಲ್ಲುತ್ತದೆ, ಗದ್ದೆಗೊರವದ ಮೂಳೆ ಸೋರಿಹೋಗುತ್ತದೆ. 1 ಮಿ.ಮೀ. ಕಣ್ಣಿನದಿರಲಿ, ನೀರು ಹಾಯಿಸಿ ತೊಳೆದರೆ ಇನ್ನೂ ಒಳ್ಳೆಯದು. ದೊಡ್ಡ ಕಣ್ಣಿನ ಜರಡಿ ಬಳಸಿದವರ ಪಟ್ಟಿಯಲ್ಲಿ ದೊಡ್ಡ ಹಕ್ಕಿಗಳೇ ತುಂಬಿರುತ್ತವೆ. ಆ ಕೆರೆಯಲ್ಲಿ ಸಣ್ಣವು ಇರಲಿಲ್ಲವೆಂದಲ್ಲ, ಜರಡಿ ಹಿಡಿಯಲಿಲ್ಲವಷ್ಟೆ.

ಮೂಳೆಯನ್ನು ಬಿಸಿಲಿಗೆ ಇಡಬೇಡಿ, ನೆರಳಲ್ಲಿ ನಿಧಾನಕ್ಕೆ ಒಣಗಲಿ. ಬೇಗ ಒಣಗಿದರೆ ತೆಳುಗೋಡೆ ಉದ್ದಕ್ಕೆ ಸೀಳುತ್ತದೆ. ಉದುರುವ ಮೂಳೆಗೆ ಪ್ಯಾರಲಾಯ್ಡ್ ಬಿ-72 ರಾಳ ಕುಡಿಸಬೇಕು: 100 ಮಿ.ಲೀ. ಅಸಿಟೋನಿಗೆ 5 ಗ್ರಾಂ. ಮುರಿದ ಎರಡು ಚೂರು ಕೂಡಿಸಲು ಅದನ್ನೇ ಗಟ್ಟಿಯಾಗಿ, 100 ಮಿ.ಲೀ.ಗೆ 40ರಿಂದ 50 ಗ್ರಾಂ ಹಾಕಿ ಕಲಸಬೇಕು. ಈ ರಾಳ ಬೇಡವೆನಿಸಿದಾಗ ಅಸಿಟೋನಿನಲ್ಲಿ ಕರಗಿ ಬಿಡುತ್ತದೆ. ಸೂಪರ್ ಗ್ಲೂ ಹಾಗಲ್ಲ. ವಕ್ರವಾಗಿ ಅಂಟಿದ ಚೂರನ್ನು ಬಿಡಿಸಲು ಹೋದರೆ ಮೂಳೆಯೇ ಕಿತ್ತು ಬರುತ್ತದೆ. ಮೂಳೆ ಒದ್ದೆಯಿದ್ದಾಗ ಅಥವಾ ಮಳೆಗಾಲದ ತೇವದ ಹವೆಯಲ್ಲಿ ಹಚ್ಚಿದರೆ ಮೇಲೆ ಬಿಳಿಯ ಪೊರೆ ಕಟ್ಟಿ ಗುರುತುಗಳು ಮುಚ್ಚಿಹೋಗುತ್ತವೆ. ಕಾಲನಿರ್ಣಯಕ್ಕೋ ರಾಸಾಯನಿಕ ಪರೀಕ್ಷೆಗೋ ಮಾದರಿ ಬೇಕಿದ್ದರೆ ರಾಳ ಹಾಕುವ ಮೊದಲೇ ತೆಗೆದಿಡಿ. ಅಸಿಟೋನ್ ಬಳಸುವಾಗ ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ, ಕೈಗವಸು ಇರಲಿ.

ಹಕ್ಕಿಯದು ಹೌದೋ ಅಲ್ಲವೋ

ಮುರಿದ ಅಡ್ಡಸೀಳನ್ನು 10 ಪಟ್ಟು ಹಿಗ್ಗಿಸುವ ಕೈಮಸೂರದಲ್ಲಿ ನೋಡಿ. ಹಕ್ಕಿಯ ಉದ್ದ ಮೂಳೆಗೆ ಗೋಡೆ ತೆಳು, ನಡುವೆ ದೊಡ್ಡ ಟೊಳ್ಳು, ತುದಿಗಳ ಹತ್ತಿರ ಒಳಗೆ ಸಣ್ಣ ಸಣ್ಣ ಆಸರೆ ಕಡ್ಡಿಗಳು. ಸಸ್ತನಿಯ ಗೋಡೆ ದಪ್ಪ. ಆದರೂ ಮೊಲದ ಪಾದದ ಮೂಳೆ, ಬಾವಲಿಯ ರೆಕ್ಕೆ ಮೂಳೆ ಮೋಸ ಮಾಡುತ್ತವೆ. ಡೈನೊಸಾರ್ ಕಾಲದ ಶಿಲೆಯಲ್ಲಾದರೆ ಟೆರೊಸಾರ್ ಎಂಬ ಹಾರುವ ಸರೀಸೃಪದ ಮೂಳೆಯೂ ಅಷ್ಟೇ. ಚಿಕ್ಕ ಜಿಂಕೆ, ಬರಿಂಕಗಳ ಪಾದದ ಉದ್ದ ಮೂಳೆಯನ್ನು ಹಕ್ಕಿಯದೆಂದು ತಿಳಿಯುವವರು ಬಹಳ. ಕೆಳತುದಿ ನೋಡಿದರೆ ಸಂಶಯ ಹರಿಯುತ್ತದೆ: ಗೊರಸಿನ ಪ್ರಾಣಿಗೆ ಎರಡು ಗುಂಡುಗಳು, ಹಕ್ಕಿಗೆ ಮೂರು.

ಆಮೇಲೆ ವಯಸ್ಸು. ಮರಿಹಕ್ಕಿಯ ಮೂಳೆಯ ಮೈ ಸಣ್ಣ ರಂಧ್ರಗಳಿಂದ ಒರಟಾಗಿರುತ್ತದೆ, ತುದಿಗಳು ಮೊಂಡು, ಕಣಕಾಲಿನ ಮೇಲ್ಗಡೆಯ ಟೊಪ್ಪಿ ಇನ್ನೂ ಬೆಸೆದಿರುವುದಿಲ್ಲ. ಅಂಥ ಮೂಳೆಯನ್ನು ಅಳೆದು ಹೊಸ ಕುಳ್ಳ ಪ್ರಭೇದ ಎಂದು ಸಾರಿದರೆ ಆಗುವ ಹಾನಿ ಅಷ್ಟಿಷ್ಟಲ್ಲ. ಮರಿಯ ಮೂಳೆಗೆ "ಮರಿ" ಎಂದು ಚೀಟಿ ಹಾಕಿ ಬೇರೆ ಡಬ್ಬಿಯಲ್ಲಿಡಿ. ಒಂದು ಉಪಯೋಗ ಮಾತ್ರ ಅದಕ್ಕಿದೆ: ಹತ್ತಿರದಲ್ಲೇ ಗೂಡಿತ್ತು ಎಂದು ಹೇಳಬಲ್ಲದು.

ಟಾರ್ಸೊಮೆಟಾಟಾರ್ಸಸ್: ಇಲ್ಲೇ ಹೆಚ್ಚು ಹೊತ್ತು ಕಳೆಯಿರಿ

ಹಕ್ಕಿಯ ಕಾಲಲ್ಲಿ ಹಿಂದಕ್ಕೆ ಮಡಚಿದ ಮೊಣಕಾಲಿನಂತೆ ಕಾಣುವುದು ನಿಜಕ್ಕೂ ಕಣಕಾಲು. ಅದರ ಕೆಳಗಿಂದ ಬೆರಳುಗಳವರೆಗಿನ ಒಂಟಿ ಮೂಳೆಯೇ ಟಾರ್ಸೊಮೆಟಾಟಾರ್ಸಸ್. ಪಾದದ ಎರಡು, ಮೂರು, ನಾಲ್ಕನೆಯ ಮೂಳೆಗಳೂ ಕಣಕಾಲಿನ ಚಿಕ್ಕ ಮೂಳೆಗಳೂ ಬೆಸೆದು ಆದದ್ದು. ನೀಳಗಾಲಿನ ಹಕ್ಕಿಗಳಲ್ಲಿ ಇದು ಗಟ್ಟಿಮುಟ್ಟು, ಹಾಗಾಗಿ ಉಳಿಯುವ ಸಾಧ್ಯತೆಯೂ ಹೆಚ್ಚು. ಕೆಳತುದಿಯಲ್ಲಿ ಮೂರು ಬೆರಳುಗಳಿಗೆ ಮೂರು ಕೀಲುಗುಂಡುಗಳು, ಪ್ರತಿಯೊಂದೂ ಬಾವಿಯ ರಾಟೆಯ ಹಾಗೆ ನಡುವೆ ತೋಡಿನದು. ಇವಕ್ಕೆ ಟ್ರಾಕ್ಲಿಯಾ ಎನ್ನುತ್ತಾರೆ. ಒಳಮಗ್ಗುಲಿನದು 2, ನಡುವಿನದು 3, ಹೊರಮಗ್ಗುಲಿನದು 4.

ಮೊದಲು ಎಡಗಾಲೋ ಬಲಗಾಲೋ ನೋಡಿ. ಮೂಳೆಯ ಮುಂಮೈ ನಿಮ್ಮತ್ತ, ಟ್ರಾಕ್ಲಿಯಾಗಳು ಕೆಳಗೆ ಬರುವಂತೆ ಹಿಡಿಯಿರಿ. 3 ಮತ್ತು 4ರ ಸಂದಿಗೆ ತುಸು ಮೇಲೆ ರಕ್ತನಾಳ ಹಾಯುವ ಒಂದು ತೂತಿದೆ. ಅದು ನಿಮ್ಮ ಎಡಕ್ಕಿದ್ದರೆ ಬಲಗಾಲು, ಬಲಕ್ಕಿದ್ದರೆ ಎಡಗಾಲು. ಈ ಹೆಜ್ಜೆ ತಪ್ಪಿದರೆ 2ನ್ನು 4 ಎಂದು ಓದುತ್ತೀರಿ, ಮುಂದಿನದೆಲ್ಲ ತಲೆಕೆಳಗಾಗುತ್ತದೆ.

ಈಗ 2ನೆಯ ಟ್ರಾಕ್ಲಿಯಾ ಎಲ್ಲಿಯವರೆಗೆ ಇಳಿದಿದೆ, ಹಿಂದಕ್ಕೆ ಎಷ್ಟು ತಿರುಗಿದೆ ನೋಡಿ. ನೀಳಗಾಲಿನ ಹಕ್ಕಿಗಳನ್ನು ದೊಡ್ಡ ಗುಂಪುಗಳಾಗಿ ಒಡೆಯಲು ಇಷ್ಟು ಒಳ್ಳೆಯ ಗುರುತು ಇನ್ನೊಂದಿಲ್ಲ.

ಬಕ ಮತ್ತು ಬೆಳ್ಳಕ್ಕಿಗಳಲ್ಲಿ ಮೂರೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಇಳಿಯುತ್ತವೆ. ತುದಿಯ ಕಡೆಯಿಂದ ನೋಡಿದರೆ ಸಾಲು ಬಹುತೇಕ ಚಪ್ಪಟೆ, ಬಾಗು ಕಡಿಮೆ. ಹಿಂಬೆರಳು ಉದ್ದವಾಗಿ ಮುಂದಿನ ಬೆರಳುಗಳ ಮಟ್ಟದಲ್ಲೇ ಕೂರುವುದರಿಂದ ಅದರ ಚಿಕ್ಕ ಮೂಳೆ ಅಂಟುವ ಗುಳಿ ದೊಡ್ಡದು ಮತ್ತು ತಗ್ಗಿನಲ್ಲಿರುತ್ತದೆ. ಕೊಂಬೆ ಹಿಡಿದು ಕೂರುವ ಕಾಲು ಇದು.

ಕೊಕ್ಕರೆಗಳಲ್ಲಿ 3ನೆಯದು ಸ್ಪಷ್ಟವಾಗಿ ಮುಂದಕ್ಕೆ ಚಾಚಿರುತ್ತದೆ. 2 ಮತ್ತು 4 ಅದಕ್ಕಿಂತ ಗಿಡ್ಡ, ತಮ್ಮೊಳಗೆ ಸರಿಸುಮಾರು ಸಮ. ಹಿಂಬೆರಳಿನ ಗುಳಿ ಬಕದ್ದಕ್ಕಿಂತ ತುಸು ಮೇಲೆ.

ಕ್ರೌಂಚ, ರಾಜಹಂಸ, ಗದ್ದೆಗೊರವ, ಮೆಟ್ಟುಗಾಲು, ಟಿಟ್ಟಿಭ ಇವುಗಳಲ್ಲಿ 2ನೆಯದು 4ಕ್ಕಿಂತ ಗಿಡ್ಡ, ಜೊತೆಗೆ ಹಿಂದಕ್ಕೆ ತಿರುಗಿರುತ್ತದೆ. ರಾಜಹಂಸದಲ್ಲಿ ಇದು ಕಣ್ಣಿಗೆ ಹೊಡೆಯುವಷ್ಟು. ಹಿಂಬೆರಳಿನ ಗುಳಿ ಕ್ರೌಂಚದಲ್ಲಿ ಚಿಕ್ಕದು, ಮೇಲಿರುತ್ತದೆ. ರಾಜಹಂಸದಲ್ಲಿ ಹಿಂಬೆರಳೇ ಪುಟ್ಟದು ಅಥವಾ ಇಲ್ಲ. ಈ ಗುಂಪಿನ ಹಕ್ಕಿಗಳನ್ನು ಇದೊಂದೇ ಗುರುತಿನಿಂದ ಬೇರೆ ಮಾಡಲಾಗದು, ಆದರೆ ಕೊಕ್ಕರೆ ಮತ್ತು ಬಕ ಇಲ್ಲಿ ಪಟ್ಟಿಯಿಂದ ಹೊರಗೆ ಬೀಳುತ್ತವೆ.

ಕೆಂಬರಲು ಮತ್ತು ಚಮಚಕೊಕ್ಕಿನ ಕಾಲು ಚಿಕ್ಕ ಕೊಕ್ಕರೆಯ ಕಾಲಿಗೆ ಹತ್ತಿರ ಕಾಣುತ್ತದೆ. ಕೆಳತುದಿ ಒಂದನ್ನೇ ಇಟ್ಟುಕೊಂಡು ಇವೆರಡರ ನಡುವೆ ತೀರ್ಪು ಕೊಡಬೇಡಿ. ರೆಕ್ಕೆ, ಭುಜ, ಕೊಕ್ಕಿನ ಚೂರು ಸಿಗುವವರೆಗೆ ತಡೆದುಕೊಳ್ಳುವುದೇ ಸರಿ.

ಮೇಲ್ತುದಿ ಸಿಕ್ಕಿದ್ದರೆ ಹಿಂಭಾಗದ ಉಬ್ಬನ್ನು ನೋಡಿ. ಹೈಪೊಟಾರ್ಸಸ್ ಎನ್ನುವ ಈ ಉಬ್ಬಿನ ಮೂಲಕ ಬೆರಳು ಮಡಚುವ ಸ್ನಾಯುರಜ್ಜುಗಳು ಹಾಯುತ್ತವೆ. ಕೊಕ್ಕರೆಯಲ್ಲಿ ಎರಡು ಏಣುಗಳು, ನಡುವೆ ತೆರೆದ ಅಗಲ ತೋಡು. ಬಕದಲ್ಲಿ ರಜ್ಜು ಹಾಯಲು ಎಲುಬು ಸುತ್ತುಗಟ್ಟಿದ ಮುಚ್ಚಿದ ಕೊಳವೆ ಇರುತ್ತದೆ. ಕೊಳವೆಯೊಳಗೆ ಮಣ್ಣು ಗಟ್ಟಿಯಾಗಿ ಕೂತು ಮೇಲಿನಿಂದ ತೋಡಿನಂತೆಯೇ ಕಾಣುವುದುಂಟು. ಮೃದು ಕುಂಚ, ಮರದ ಹಲ್ಲುಕಡ್ಡಿಯಿಂದ ಬಿಡಿಸಿ. ಉಕ್ಕಿನ ಸೂಜಿ ಗೀರು ಬೀಳಿಸುತ್ತದೆ. ಹಾಗೆಯೇ ಮೇಲ್ಚಾವಣಿ ಮುರಿದ ಕೊಳವೆಯೂ ತೆರೆದ ತೋಡಿನಂತೆ ಕಾಣುತ್ತದೆ. ಏಣಿನ ಅಂಚು ನುಣುಪಾಗಿದೆಯೋ ಒರಟಾಗಿದೆಯೋ ಎಂದು ಮಸೂರದಲ್ಲಿ ಪರೀಕ್ಷಿಸದೆ ಮುಂದೆ ಹೋಗಬೇಡಿ.

ಸವೆತ ಮಾಡುವ ಮೋಸ

ಈ ಕೆಲಸದಲ್ಲಿ ಅತಿ ಹೆಚ್ಚು ತಪ್ಪುಗಳು ಇಲ್ಲಿಂದಲೇ ಹುಟ್ಟುತ್ತವೆ. ಹೊಳೆಯಲ್ಲಿ ಉರುಳಿದ ಮೂಳೆಯಲ್ಲಿ ಮೊದಲು ಸವೆಯುವುದು 2 ಮತ್ತು 4ನೆಯ ಟ್ರಾಕ್ಲಿಯಾಗಳ ತೆಳು ಅಂಚು. 2ನೆಯದರ ಅಂಚು ಹೋದರೆ ಅದು ಗಿಡ್ಡವಾಗಿ ಕಾಣುತ್ತದೆ, ಕೊಕ್ಕರೆಯ ಕಾಲು ಕ್ರೌಂಚದ್ದಾಗಿಬಿಡುತ್ತದೆ. ನಿಜವಾದ ತುದಿಗೆ ನುಣುಪಾದ ಹೊರಪದರ ಇರುತ್ತದೆ. ಸವೆದ ತುದಿಯಲ್ಲಿ ಒಳಗಿನ ಸ್ಪಂಜಿನಂಥ ಎಲುಬಿನ ಕಣ್ಣುಗಳು ಬಯಲಾಗಿರುತ್ತವೆ. ಸ್ಪಂಜು ಕಂಡಲ್ಲಿ ಆ ಟ್ರಾಕ್ಲಿಯಾದ ಉದ್ದವನ್ನು ಪುರಾವೆಯಾಗಿ ಬಳಸಲೇಬಾರದು.

ಗೂಬೆ, ಹದ್ದು, ಮೊಸಳೆಗಳ ಹೊಟ್ಟೆಯಲ್ಲಿ ಹಾದು ಬಂದ ಮೂಳೆಯಲ್ಲಿ ಆಮ್ಲ ತಿಂದ ಗುಂಡಗಿನ ಅಂಚು, ಹೊಳಪಿನ ಗುಳಿಗಳು. ಮುಳ್ಳುಹಂದಿ ಕಡಿದಿದ್ದರೆ ಜೋಡಿ ಜೋಡಿ ಸಮಾನಾಂತರ ಗೀರುಗಳು. ಮಣ್ಣಿನ ಭಾರಕ್ಕೆ ಚಪ್ಪಟೆಯಾದ ಕಾಂಡ ಇನ್ನೊಂದು ಉಪದ್ರವ. ಫ್ರಾನ್ಸಿನ ಸೇಂಟ್ ಜೆರಾಂ ಲ ಪ್ಯುಯಿಯಲ್ಲಿ ಹೇರಳವಾಗಿ ಸಿಕ್ಕ ಪಾಲೆಲೋಡಸ್ ಎಂಬ ರಾಜಹಂಸದ ಬಂಧುವಿಗೆ ಕಾಲಿನ ಮೂಳೆ ಸಹಜವಾಗಿಯೇ ಪಕ್ಕದಿಂದ ಅದುಮಿದಂತಿದೆ, ಅದು ಈಜುವ ಬದುಕಿಗೆ ಹೊಂದಿದ ರೂಪ. ಮಣ್ಣು ಅದುಮಿದ್ದೋ ಹುಟ್ಟಿನಿಂದ ಬಂದದ್ದೋ ತಿಳಿಯಲು ಕಾಂಡದ ಗೋಡೆ ನೋಡಿ: ಮಣ್ಣಿನ ಕೆಲಸವಾದರೆ ಉದ್ದುದ್ದ ಬಿರುಕು, ಒಳಕ್ಕೆ ಕುಸಿದ ಚಕ್ಕೆ ಕಂಡೇ ಕಾಣುತ್ತವೆ.

ವಿಚಿತ್ರ ಆಕಾರ ಕಂಡ ಕೂಡಲೇ ರೋಗವೆನ್ನುವುದೂ ತಪ್ಪು. ಜಮೈಕಾದ ಹಾರಲಾರದ ಕೆಂಬರಲು ಕ್ಸೆನಿಸಿಬಿಸ್‌ನ ರೆಕ್ಕೆತುದಿಯ ಮೂಳೆ ದಪ್ಪಗೋಡೆಯದು, ಬಾಗಿ ಊದಿಕೊಂಡದ್ದು. ಒಂದೇ ಮೂಳೆ ಸಿಕ್ಕಿದ್ದರೆ ಯಾರಿಗಾದರೂ ಇದು ಕಾಯಿಲೆ ಬಿದ್ದ ಹಕ್ಕಿ ಎನ್ನಿಸೀತು. ಆ ರೆಕ್ಕೆ ಹೊಡೆದಾಟಕ್ಕೆ ಬಳಕೆಯಾಗುತ್ತಿದ್ದ ಆಯುಧ ಎಂದು 2011ರಲ್ಲಿ ವಿವರಿಸಿದ್ದು ಅದೇ ಆಕಾರ ಬೇರೆ ಬೇರೆ ಮೂಳೆಗಳಲ್ಲಿ ಮರುಕಳಿಸಿದ್ದರಿಂದ.

ಉಳಿದ ಮೂಳೆಗಳಲ್ಲಿ ಏನು ನೋಡಬೇಕು

ಹ್ಯೂಮರಸ್, ಅಂದರೆ ರೆಕ್ಕೆಯ ತೋಳುಮೂಳೆ. ಅದರ ಕೆಳತುದಿಗೆ ತುಸು ಮೇಲೆ ಬೆನ್ನಿನ ಬದಿಯ ಅಂಚಿನಲ್ಲಿ ಮುಳ್ಳಿನಂತೆ ಎದ್ದ ಚಾಚು ಇದ್ದರೆ ಗದ್ದೆಗೊರವ, ಟಿಟ್ಟಿಭ, ಕಡಲಕ್ಕಿಗಳ ಗಣವನ್ನು ಮೊದಲು ಹುಡುಕಿ. ಕೊಕ್ಕರೆ, ಬಕಗಳಲ್ಲಿ ಹಾಗೆ ಬೆಳೆದಿರುವುದಿಲ್ಲ. ಚಾಚು ಬೇಗ ಮುರಿಯುತ್ತದೆ. ಬುಡದಲ್ಲಿ ಮುರಿದ ಗುರುತಿದ್ದರೂ ಲೆಕ್ಕಕ್ಕೆ ಬರುತ್ತದೆ.

ಕೊರಕಾಯ್ಡ್ ಭುಜವನ್ನು ಎದೆಮೂಳೆಗೆ ಸೇರಿಸುವ ಆಸರೆ. ಬಕಗಳಲ್ಲಿ ಇದು ನೀಳ, ಸಪೂರ. ಎಡಬಲದ ಕೊರಕಾಯ್ಡ್‌ಗಳ ಬುಡಗಳು ಎದೆಮೂಳೆಯ ಮೇಲೆ ಒಂದನ್ನೊಂದು ದಾಟಿ ಕೂರುತ್ತವೆ. ಎದೆಮೂಳೆಯ ಮುಂತುದಿಯ ಚೂರು ಸಿಕ್ಕಿ, ಅದರಲ್ಲಿ ಎರಡು ತೋಡುಗಳು ನಡುವೆ ಹಾದುಹೋಗಿದ್ದರೆ ಬಕದ ಕಡೆಗೆ ಬಲವಾದ ಸಾಕ್ಷಿ.

ಕುತ್ತಿಗೆಯ ಮೂಳೆಗಳನ್ನು ಎಲ್ಲರೂ ಪಕ್ಕಕ್ಕಿಡುತ್ತಾರೆ. ಬಕದ ವಿಷಯದಲ್ಲಿ ಹಾಗೆ ಮಾಡಬಾರದು. ಕುತ್ತಿಗೆಗೆ ಆ ಕೊಂಕು ಕೊಡುವ ಆರನೆಯ ಕಶೇರುಕ ಅಸಾಧಾರಣ ಉದ್ದವಾಗಿರುತ್ತದೆ. ಅದೊಂದೇ ಸಿಕ್ಕರೂ ಕುಲ ಹೇಳಬಹುದು.

ಕೊಕ್ಕಿನ ಚೂರಿನ ತುದಿಯಲ್ಲಿ ಒತ್ತೊತ್ತಾಗಿ ಸಣ್ಣ ಗುಳಿಗಳಿದ್ದರೆ ಕೆಸರಲ್ಲಿ ತಡಕಿ ತಿನ್ನುವ ಹಕ್ಕಿ: ಕೆಂಬರಲು, ಚಮಚಕೊಕ್ಕು ಅಥವಾ ಗದ್ದೆಗೊರವ. ಕಣ್ಣಿಂದ ನೋಡಿ ಕುಕ್ಕುವ ಬಕಕ್ಕೆ ಹಾಗಿಲ್ಲ. ಮೂಗಿನ ಹೊಳ್ಳೆಯ ಸೀಳು ಕೊಕ್ಕಿನ ಬುಡದತ್ತ ಉದ್ದಕ್ಕೆ ಸರಿದಿದ್ದರೆ ಕೆಂಬರಲು, ಕ್ರೌಂಚ, ಗದ್ದೆಗೊರವಗಳ ಪಟ್ಟಿ. ಹಿಂತುದಿ ದುಂಡಗೆ ಮುಗಿದಿದ್ದರೆ ಕೊಕ್ಕರೆ, ಬಕ. ಮೆಸ್ಸೆಲ್‌ನ ರಿಂಕೈಟೀಸ್ ಹಕ್ಕಿಗೆ 1898ರಲ್ಲೇ ಹೆಸರಿಟ್ಟಿದ್ದರೂ ಅದು ಕೆಂಬರಲಿನ ಬಂಧು ಎಂದು ಸ್ಪಷ್ಟವಾದದ್ದು 1983ರಲ್ಲಿ.

ತೊಡೆಮೂಳೆ, ಬೆರಳ ಗೆಣ್ಣು, ಪಕ್ಕೆಲುಬು: ಇವುಗಳಿಂದ ಗಾತ್ರ ತಿಳಿಯಬಹುದು, ಕುಲ ಹಿಡಿಯುವುದು ಕಷ್ಟ.

ಹೋಲಿಸುವುದು ಯಾವುದರ ಜೊತೆ

ಚಿತ್ರ ನೋಡಿ ಗುರುತಿಸಲು ಹೋಗಬೇಡಿ, ನಿಜವಾದ ಮೂಳೆಯ ಪಕ್ಕದಲ್ಲಿಡಿ. ಒಂದು ಪ್ರಭೇದದ ಒಂದೇ ಮೂಳೆ ಸಾಲದು. ಗಂಡು ಹೆಣ್ಣು ಸೇರಿ ಕನಿಷ್ಠ ನಾಲ್ಕೈದು ಬೇಕು. ಕೊಕ್ಕರೆಗಳಲ್ಲಿ ಗಂಡು ಸಾಮಾನ್ಯವಾಗಿ ದೊಡ್ಡದು, ಗಾತ್ರದ ವ್ಯತ್ಯಾಸವನ್ನೇ ಪ್ರಭೇದದ ವ್ಯತ್ಯಾಸ ಎಂದುಕೊಳ್ಳುವ ಅಪಾಯವಿದೆ. ಪುಣೆಯ ಡೆಕ್ಕನ್ ಕಾಲೇಜು, ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದಂಥ ಸಂಸ್ಥೆಗಳನ್ನು ಸಂಪರ್ಕಿಸಿ. ಹೊರದೇಶದಲ್ಲಿ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಟ್ರಿಂಗ್ ಸಂಗ್ರಹ, ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಇವೆ. ಮಾರ್ಫೋಸೋರ್ಸ್ ಜಾಲತಾಣದಲ್ಲಿ ಹಕ್ಕಿ ಮೂಳೆಗಳ ಮೂರು ಆಯಾಮದ ಸ್ಕ್ಯಾನ್‌ಗಳು ಸಿಗುತ್ತವೆ. ಇಳಿಸಿಕೊಂಡ ಮೇಲೆ ಅಳತೆಯ ಮಾನ ಮಿಲಿಮೀಟರಿನಲ್ಲಿದೆಯೇ ಎಂದು ಮೊದಲು ಖಚಿತ ಮಾಡಿಕೊಳ್ಳಿ.

ರಂಗನತಿಟ್ಟು, ಕೊಕ್ಕರೆ ಬೆಳ್ಳೂರಿನಂಥ ಗೂಡುತಾಣಗಳ ಮರದಡಿ ಬಣ್ಣದ ಕೊಕ್ಕರೆಯ ಮೂಳೆ ಬಿದ್ದಿರುವುದು ಸಹಜ. ಅದನ್ನು ಹೆಕ್ಕಿ ಮನೆಗೆ ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ರಕ್ಷಿತ ಹಕ್ಕಿಯ ಮೂಳೆ ಇಟ್ಟುಕೊಳ್ಳಲೂ ಅನುಮತಿ ಬೇಕು. ಅರಣ್ಯ ಇಲಾಖೆಯ ಒಪ್ಪಿಗೆಯೊಂದಿಗೆ, ಸಂಸ್ಥೆಯ ಮೂಲಕವೇ ಹೋಗಬೇಕು.

ಹೋಲಿಸುವಾಗ ಇಂದಿನ ನೆಲೆಯನ್ನು ಮನಸ್ಸಿಂದ ತೆಗೆದುಹಾಕಿ. ಮರಬೌ ಮತ್ತು ಅಡ್ಜುಟೆಂಟ್ ಕೊಕ್ಕರೆಗಳ ಲೆಪ್ಟೊಪ್ಟಿಲೋಸ್ ಕುಲದಲ್ಲಿ ಈಗ ಉಳಿದಿರುವುದು ಮೂರು ಪ್ರಭೇದ, ಏಷ್ಯಾದಲ್ಲಿ ಎರಡು, ಆಫ್ರಿಕಾದಲ್ಲಿ ಒಂದು. ನಮ್ಮ ಶಿವಾಲಿಕ್ ಬೆಟ್ಟಗಳಿಂದ 1868ರಲ್ಲಿ ಫ್ರೆಂಚ್ ಪ್ರಾಣಿವಿಜ್ಞಾನಿ ಮಿಲ್ನ್ ಎಡ್ವರ್ಡ್ಸ್ ವರ್ಣಿಸಿದ ಲೆಪ್ಟೊಪ್ಟಿಲೋಸ್ ಫಾಲ್ಕನೇರಿ ಎಂಬ ದೈತ್ಯ ಕೊಕ್ಕರೆಯ ಮೂಳೆಗಳನ್ನು ಆಮೇಲೆ ಇಥಿಯೋಪಿಯ, ಚಾಡ್‌ಗಳಲ್ಲೂ ಗುರುತಿಸಲಾಯಿತು. ಊರು ದೂರ ಎಂಬ ಕಾರಣಕ್ಕೆ ಹೊಸ ಹೆಸರು ಕೊಡುವ ಮೊದಲು ಹಳೆಯ ಸಂಗ್ರಹಗಳನ್ನು ಜಾಲಾಡಬೇಕು.

ಬರಹದ ದಾಖಲೆಗಳ ಬಗೆಗೂ ಇದೇ ಎಚ್ಚರ ಬೇಕು. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಬಿಳಿ ಡೋಡೊ ಇತ್ತೆಂದು ಪ್ರವಾಸಿಗರ ವರ್ಣನೆ ನೆಚ್ಚಿ ಬಹುಕಾಲ ನಂಬಿದ್ದರು. ಅಲ್ಲಿ ಡೋಡೊ ಮೂಳೆ ಸಿಗಲೇ ಇಲ್ಲ. 1987ರಲ್ಲಿ ಬೋರ್ಬೊನಿಬಿಸ್ ಲ್ಯಾಟಿಪೀಸ್ ಎಂದು ಹೆಸರು ಪಡೆದ ಮೂಳೆಗಳು ಕೆಂಬರಲಿನವು, ಆ ವರ್ಣನೆಗಳ ಹಕ್ಕಿಯೂ ಅದೇ ಎಂದು ಈಗ ತಿಳಿಯಲಾಗಿದೆ.

ಅಳತೆ, ತೂಕ, ಹಾರಾಟ

ಡಿಜಿಟಲ್ ಕ್ಯಾಲಿಪರ್ 0.01 ಮಿ.ಮೀ. ತೋರಿಸಿದರೂ 0.1ಕ್ಕೆ ದುಂಡಾಗಿಸಿ ಬರೆಯಿರಿ, ಮೂಳೆಯ ಸವೆತವೇ ಅದಕ್ಕಿಂತ ಹೆಚ್ಚಿರುತ್ತದೆ. ಪ್ರತಿ ಅಳತೆಯನ್ನು ಮೂರು ಸಲ, ನಡುವೆ ಮೂಳೆಯನ್ನು ಕೆಳಗಿಟ್ಟು ಮತ್ತೆ ಎತ್ತಿ ತೆಗೆದುಕೊಳ್ಳಿ. ಪೂರ್ತಿ ಉದ್ದ, ಮೇಲ್ತುದಿಯ ಅಗಲ, ಕಾಂಡದ ಕನಿಷ್ಠ ಅಗಲ, ಕೆಳತುದಿಯ ಅಗಲ, ಈ ನಾಲ್ಕು ಎಲ್ಲರಿಗೂ ಅರ್ಥವಾಗುವ ಅಳತೆಗಳು. ಮುರಿದ ಮೂಳೆಯ ಉದ್ದವನ್ನು "ಉಳಿದ ಉದ್ದ" ಎಂದೇ ಬರೆಯಬೇಕು. ಹಕ್ಕಿ ಪುಸ್ತಕಗಳ ಕಾಲಿನ ಅಳತೆ ಜೀವಂತ ಹಕ್ಕಿಯ ಕೀಲುಗಳ ಮೇಲಿಂದ ತೆಗೆದದ್ದು, ಅದನ್ನು ಮೂಳೆಯ ಉದ್ದಕ್ಕೆ ನೇರ ಹೋಲಿಸಬಾರದು.

ತೂಕಕ್ಕೆ ಕ್ಯಾಂಪ್‌ಬೆಲ್ ಮತ್ತು ಮಾರ್ಕಸ್ 1992ರಲ್ಲಿ ಕೊಟ್ಟ ಸೂತ್ರ ಚಾಲ್ತಿಯಲ್ಲಿದೆ. ತೊಡೆಮೂಳೆ ಕಾಂಡದ ಕನಿಷ್ಠ ಸುತ್ತಳತೆಯನ್ನು ಮಿ.ಮೀ.ನಲ್ಲಿ ತೆಗೆದು, 10ರ ಆಧಾರದ ಲಾಗರಿದಮ್ಮನ್ನು 2.411ರಿಂದ ಗುಣಿಸಿ, 0.065 ಕಳೆಯಿರಿ. ಬಂದದ್ದು ಗ್ರಾಂ ತೂಕದ ಲಾಗರಿದಮ್. ಸುತ್ತಳತೆ 30 ಮಿ.ಮೀ. ಇದ್ದರೆ ಸುಮಾರು 3.1 ಕಿಲೊ, 31 ಇದ್ದರೆ 3.4. ಒಂದು ಮಿಲಿಮೀಟರ್ ತಪ್ಪಿಗೆ ನೂರಕ್ಕೆ ಎಂಟರಷ್ಟು ತೂಕ ಏರುತ್ತದೆ ಎಂದಾಯಿತು. ಆದ್ದರಿಂದ ಒಂದೇ ಅಂಕಿ ಕೊಡದೆ ಇಷ್ಟರಿಂದ ಇಷ್ಟು ಎಂದು ಬರೆಯಿರಿ.

ಹಾರುತ್ತಿತ್ತೋ ಇಲ್ಲವೋ ಎಂಬ ಪ್ರಶ್ನೆಯನ್ನು ಕಾಲಿನ ಮೂಳೆಗೆ ಕೇಳಲೇಬಾರದು. ಫ್ಲೋರೆಸ್‌ನ ಲೆಪ್ಟೊಪ್ಟಿಲೋಸ್ ರೊಬಸ್ಟಸ್ ಅನ್ನು 2010ರಲ್ಲಿ ಹನ್ನೆಕೆ ಮೇಯರ್ ಮತ್ತು ರೋಕಸ್ ಅವೆ ಡ್ಯೂ ಕೆಲವೇ ಮೂಳೆಗಳಿಂದ ವರ್ಣಿಸಿದರು. ಎತ್ತರ ಸುಮಾರು 1.8 ಮೀಟರ್, ತೂಕ 16 ಕಿಲೊ ಎಂಬ ಅಂದಾಜು, ಜೊತೆಗೆ ಕಾಲುಮೂಳೆಯ ದಪ್ಪಗೋಡೆ. ಹಾರಾಟ ಕುಗ್ಗಿತ್ತೇನೋ ಎಂಬ ಊಹೆ ಆಗ ಸಹಜವಾಗಿತ್ತು. 2022ರಲ್ಲಿ ಮತ್ತೆ 21 ಮೂಳೆಗಳ ವರದಿ ಬಂತು, ಅವುಗಳಲ್ಲಿ ಚೆನ್ನಾಗಿ ಬೆಳೆದ ರೆಕ್ಕೆಮೂಳೆಗಳಿದ್ದವು. ಆ ದೈತ್ಯ ಕೊಕ್ಕರೆ ಹಾರುತ್ತಿತ್ತು ಎಂಬ ತೀರ್ಮಾನಕ್ಕೆ ಬಂದರು.

ಎಲ್ಲಿಗೆ ನಿಲ್ಲಿಸಬೇಕು

ಮೂಳೆ ತೋರಿಸಿದಷ್ಟು ದೂರ ಮಾತ್ರ ಹೆಸರು ಹೋಗಬೇಕು. ಕೊಕ್ಕರೆ ಕುಟುಂಬ ಖಚಿತ, ಕುಲ ಗೊತ್ತಿಲ್ಲ ಎಂದಾದರೆ "ಸಿಕೊನಿಡೇ, ಅನಿರ್ಧರಿತ" ಎಂದು ಬರೆದು ನಿಲ್ಲಿಸಿ. ಒಂದು ಪ್ರಭೇದಕ್ಕೆ ತುಂಬಾ ಹತ್ತಿರ, ಆದರೆ ಹೋಲಿಸುವ ಭಾಗ ಮುರಿದಿದೆ ಎನ್ನುವಾಗ ಹೆಸರಿನ ಮುಂದೆ "ಸಿ.ಎಫ್." ಹಾಕುತ್ತಾರೆ. ಆ ಪ್ರಭೇದಕ್ಕೆ ಬಂಧು, ಆದರೆ ಅದೇ ಅಲ್ಲ ಎನ್ನುವಾಗ "ಆಫ್." ಹೊಸ ಹೆಸರು ಕೊಡಲು ಸವೆಯದ ಕೀಲುತುದಿ, ಬೆಳೆದ ಹಕ್ಕಿ, ಗಾತ್ರವನ್ನು ಬಿಟ್ಟು ಕನಿಷ್ಠ ಎರಡು ಆಕಾರದ ವ್ಯತ್ಯಾಸಗಳು ಇರಲಿ. ಬರೀ ದೊಡ್ಡದಾಗಿದೆ ಎನ್ನುವುದು ಹೆಸರಿಗೆ ಸಾಕಾಗುವ ಕಾರಣವಲ್ಲ.

ಪ್ರತಿ ಗುರುತಿಗೂ ಅದು ಯಾವ ಕುಲಗಳನ್ನು ಹೊರಹಾಕಿತು ಎಂದು ಬರೆದಿಡಿ, ಕೊನೆಯ ಹೆಸರಿಗಿಂತ ಆ ಪಟ್ಟಿಯೇ ಮುಂದಿನವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮುಂದೆ, ಹಿಂದೆ, ಎರಡು ಮಗ್ಗುಲು, ಮೇಲ್ತುದಿ, ಕೆಳತುದಿ, ಹೀಗೆ ಆರು ಕೋನಗಳ ಫೋಟೊ ಬೇಕು. ಬೆಳಕು ಎಡಮೇಲಿನಿಂದ ಬೀಳಲಿ, ಅಳತೆಪಟ್ಟಿ ಮೂಳೆಯ ಮೈಮಟ್ಟದಲ್ಲೇ ಇರಲಿ. ಪಟ್ಟಿ ಮೇಜಿನ ಮೇಲೂ ಮೂಳೆ ಅದಕ್ಕಿಂತ ಎತ್ತರದಲ್ಲೂ ಇದ್ದರೆ ಫೋಟೊದಿಂದ ತೆಗೆದ ಅಳತೆ ಹೆಚ್ಚಾಗಿ ಬರುತ್ತದೆ. ಮೂಳೆಯನ್ನು ಸಂಗ್ರಹಾಲಯಕ್ಕೆ ಒಪ್ಪಿಸಿ ಸಂಖ್ಯೆ ಪಡೆಯಿರಿ. ಸಂಖ್ಯೆಯಿಲ್ಲದ ಮೂಳೆಯ ಮೇಲೆ ಬರೆದದ್ದನ್ನು ಬೇರೊಬ್ಬರು ಪರೀಕ್ಷಿಸುವ ಹಾಗಿಲ್ಲ. ಹೆಸರು ಬದಲಾದಾಗ ಹಳೆಯ ಚೀಟಿ ಎಸೆಯಬೇಡಿ. ಹೊಸದನ್ನು ದಿನಾಂಕ ಹಾಕಿ ಅದರ ಹಿಂದೆಯೇ ಸೇರಿಸಿ, ಬದಲಿಸಲು ಕಾರಣವಾದ ಗುರುತನ್ನು ಒಂದು ಸಾಲಿನಲ್ಲಿ ಬರೆಯಿರಿ.